ಗೆರೆ ಇದ್ದ ಪುಟ ಅಮ್ಮನದು

ನನಗೆ ಎರಡೇ ನಿಮಿಷ ಕೊಟ್ಟರು! ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತು ಕಾಲೇಜಿಗೆ ಹೋಗಿಬಂದ ಮನುಷ್ಯನ ಬಗ್ಗೆ ಎರಡು ನಿಮಿಷದಲ್ಲಿ ಏನು ಹೇಳಲಿ? ಅವರ ನಿವೃತ್ತಿಯ ಬೀಳ್ಕೊಡುಗೆ ಸಮಾರಂಭದಲ್ಲಿ ಪ್ರಿನ್ಸಿಪಾಲರು ಇಪ್ಪತ್ತು ನಿಮಿಷ ಮಾತಾಡಿದರು, ಅದರಲ್ಲಿ ಹದಿನೆಂಟು ನಿಮಿಷ ಕಾಲೇಜಿನ ಹೊಸ ಕಟ್ಟಡದ ಬಗ್ಗೆ. ನಾನು ಮೈಕು ಹಿಡಿದು ಇನ್ನೂ ಪೀಠಿಕೆ ಹಾಕುತ್ತಿದ್ದೆ, ನಿರೂಪಣೆಯ ಹುಡುಗಿ ಪಕ್ಕದಲ್ಲಿ ಬಂದು ನಿಂತು ನಗತೊಡಗಿದಳು. ಆ ನಗುವಿನ ಅರ್ಥ ಇಳಿಯಿರಿ ಅಂತ. ಇಳಿದೆ. ಹೊಟ್ಟೆ ಉರಿಯಿತು. ಬರೆದೇ ತೀರಬೇಕು ಎಂದು ಅವತ್ತೇ ನಿರ್ಧಾರ ಮಾಡಿದೆ.

ಹೆಸರು ಮಾತ್ರ ಬರೆಯುವುದಿಲ್ಲ. ಎದುರಿಗಿಲ್ಲದವರ ಮಾತು ಎತ್ತಿದರೆ ಅವರಿಗೆ ಆಗುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರದಾದರೂ ಸುದ್ದಿ ಶುರುವಾದರೆ ಸಾಕು, "ವೋಲ್ಟೇಜ್ ಸ್ವಲ್ಪ ನೋಡ್ಬೇಕು" ಎಂದು ಎದ್ದು ಹೋಗುತ್ತಿದ್ದರು. ನಮ್ಮ ಸ್ಟಾಫ್ ರೂಮಿನ ಪರಿಸ್ಥಿತಿ ಹೇಗಿತ್ತೆಂದರೆ ದಿನಕ್ಕೆ ಏಳೆಂಟು ಸಲ ವೋಲ್ಟೇಜ್ ನೋಡಬೇಕಾಗುತ್ತಿತ್ತು. ಈಗ ನಾನು ಆಡುತ್ತಿರುವುದೂ ಬೆನ್ನ ಹಿಂದಿನ ಮಾತೇ. ಒಳ್ಳೆಯ ಮಾತಾದರೂ ಹೆಸರಿಲ್ಲದೆ ಆಡುತ್ತೇನೆ. ಸರ್ ಎಂದೇ ಕರೆಯುತ್ತೇನೆ, ಇಷ್ಟು ವರ್ಷ ಕರೆದದ್ದೂ ಹಾಗೆಯೇ.

ಸೋಲದೇವನಹಳ್ಳಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವರು, ನಾನು ಲೈಬ್ರರಿಯವನು. ಗದಗಿನಿಂದ ಬಂದ ನಾನು ಯಲಹಂಕದಲ್ಲಿ ಮನೆ ಸಿಗದೆ ಒದ್ದಾಡುತ್ತಿದ್ದಾಗ, ಪುಟ್ಟೇನಹಳ್ಳಿಯ ತಮ್ಮ ಮನೆಯ ಮಹಡಿ ಖಾಲಿ ಇದೆಯೆಂದು ಕರೆದುಕೊಂಡು ಹೋದವರು ಅವರೇ. ಕೆಳಗೆ ಅವರು ಮತ್ತು ಅವರ ತಾಯಿ, ಇಬ್ಬರೇ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ತಾಯಿ ಹುಣಸಮಾರನಹಳ್ಳಿ ಕಡೆಯವರು, ಆಗಲೇ ಎಪ್ಪತ್ತೈದು ದಾಟಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಕ್ರೈಸ್ತನಾ, ಇಲ್ಲಾ ಇವನ ಕಡೆಯೋನಾ?" ಎಂದರು.

"ಎರಡೂ ಅಲ್ರಿ ಅಮ್ಮಾರ. ನಾವು ಕೊರಳಾಗ ಲಿಂಗ ಕಟ್ಟಿಕೊಂಡ ಮಂದಿ."

"ಒಳ್ಳೇದಾಯ್ತು ಬಿಡು. ಈ ಮನೇಲಿ ಎರಡು ಪಾರ್ಟಿ ಅವೆ. ಮಧ್ಯೆ ನಿಂತ್ಕಳ್ಳಾಕೆ ಒಬ್ಬ ಬೇಕಿತ್ತು."

ಬಾಡಿಗೆಯ ಮಾತು ಆಮೇಲೆ ಬಂತು. ಅಂಪೈರ್ ಕೆಲಸ ಮೊದಲು ಸಿಕ್ಕಿತು!

ಆ ಎರಡು ಪಾರ್ಟಿ ಯಾವುವೆಂದು ಹೇಳಿಬಿಡುತ್ತೇನೆ. ಅಮ್ಮ ಹುಟ್ಟು ಕ್ರೈಸ್ತರು. ಬೈಬಲ್ಲಿಗೆ ಅವರು ಸತ್ಯವೇದ ಎಂದೇ ಅನ್ನುವುದು. ಪ್ರತಿ ವರ್ಷ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಸಲ ಓದಿ ಮುಗಿಸುತ್ತಾರೆ. ಮಗ ಇಪ್ಪತ್ತಾರನೆಯ ವಯಸ್ಸಿನಲ್ಲಿ ಬಹಾಯಿ ಆದರು. ಪರ್ಷಿಯಾದಲ್ಲಿ ಹುಟ್ಟಿ ಇನ್ನೂ ಇನ್ನೂರು ವರ್ಷ ತುಂಬದ ಧರ್ಮ ಅದು. ದೇವರು ಒಬ್ಬನೇ, ಮೋಶೆ, ಬುದ್ಧ, ಕೃಷ್ಣ, ಯೇಸು, ಮಹಮ್ಮದರು ಎಲ್ಲರೂ ಕಾಲಕಾಲಕ್ಕೆ ಅವನೇ ಕಳಿಸಿದವರು, ತಮ್ಮ ಧರ್ಮದ ಸ್ಥಾಪಕರು ಆ ಸಾಲಿನಲ್ಲಿ ಇತ್ತೀಚಿನವರು, ಮನುಷ್ಯರೆಲ್ಲ ಒಂದೇ ಮನೆಯವರು, ಇದು ಅವರ ನಂಬಿಕೆ. ಪಾದ್ರಿ, ಪೂಜಾರಿ ಯಾರೂ ಇಲ್ಲ. ನಾನು ಮೊದಲ ಸಲ ಕೇಳಿದಾಗ, "ಹಂಗಾರ ನಮ್ಮ ಶರಣರೂ ನಿಮ್ಮ ಸಾಲಿನ್ಯಾಗ ಬರ್ತಾರೇನ್ರಿ ಸರ?" ಎಂದೆ. "ಗೊತ್ತಿಲ್ಲದ್ದನ್ನ ಹೇಳಲ್ಲ. ಆದ್ರೆ ಅವರ ಪುಸ್ತಕ ಕೊಡಿ, ಓದ್ತೀನಿ" ಎಂದರು. ಮಾರನೆಯ ದಿನವೇ ಲೈಬ್ರರಿಯಿಂದ ಮೂರು ಸಂಪುಟ ಹೊತ್ತುಕೊಂಡು ಹೋದರು.

ಲ್ಯಾಬಿನಲ್ಲಿ ಅವರು ಹುಡುಗರಿಗೆ ಹೇಳುತ್ತಿದ್ದ ಮಾತೊಂದಿತ್ತು. "ನೋಡದೆ ಒಪ್ಪಬೇಡಿ, ನೋಡದೆ ಬಿಡಬೇಡಿ." ಪ್ರಯೋಗ ಮಾಡದೆ ಪಕ್ಕದವನ ರೀಡಿಂಗ್ ನೋಡಿ ಬರೆದವನು ಸಿಕ್ಕಿಬಿದ್ದರೆ ಬೈಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಇಡೀ ಪ್ರಯೋಗ ಮತ್ತೆ ಮಾಡಿಸುತ್ತಿದ್ದರು, ಕೊನೆಯ ಬಸ್ಸು ಹೋಗುವ ಹೊತ್ತಾದರೂ ಬಿಡುತ್ತಿರಲಿಲ್ಲ. ಹುಡುಗರು ಬೈಗುಳವೇ ವಾಸಿ ಅನ್ನುತ್ತಿದ್ದರು.

ಮಾರ್ಚ್ ಬಂದರೆ ನನಗೆ ಹಬ್ಬ! ಬಹಾಯಿಗಳಿಗೆ ಆ ತಿಂಗಳು ಹತ್ತೊಂಬತ್ತು ದಿನ ಉಪವಾಸ. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಹನಿ ನೀರೂ ಇಲ್ಲ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗಳು ಬರುತ್ತಿದ್ದದ್ದೂ ಸಾಮಾನ್ಯವಾಗಿ ಆಗಲೇ. ಹೊರಗಿನಿಂದ ಬಂದ ಪರೀಕ್ಷಕರಿಗೆ ಕೊಡುವ ಬಾದಾಮಿ ಹಾಲು, ಖಾರಾಬೂಂದಿ, ಮೈಸೂರ್‌ಪಾಕು ಲ್ಯಾಬಿನವರಿಗೂ ಒಂದು ಪ್ಲೇಟು ಬರುತ್ತಿತ್ತು. ಸರ್ ಪ್ಲೇಟು ನೇರ ಲೈಬ್ರರಿಗೆ. ಸಂಕೋಚಕ್ಕೆ ನಾನು, "ನೀವು ಒಣಗಿದ ಬಾಯಿಲೆ ನಿಂತಿರ್ತೀರಿ, ನನಗ ಹೆಂಗ ಇಳಿಬೇಕ್ರಿ ಸರ?" ಎಂದರೆ, "ಇಳಿಯುತ್ತೆ ತಿನ್ನಿ, ಪ್ರತಿ ವರ್ಷ ಇಳಿದಿದೆಯಲ್ಲ" ಎಂದು ನಗುತ್ತಿದ್ದರು. ಇಳಿಯುತ್ತಿತ್ತು ಕೂಡ.

ಭಾನುವಾರ ಬೆಳಿಗ್ಗೆ ಅಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚರ್ಚಿಗೆ ಕರೆದೊಯ್ಯುತ್ತಿದ್ದರು. ಬಿಟ್ಟು ಬರುವುದಲ್ಲ, ತಾವೂ ಕೊನೆಯ ಬೆಂಚಿನಲ್ಲಿ ಕೂತು ಕೀರ್ತನೆ ಹಾಡುತ್ತಿದ್ದರು. ಸ್ವರಕ್ಕೂ ಅವರಿಗೂ ಸಂಬಂಧವಿರಲಿಲ್ಲ, ದನಿ ಮಾತ್ರ ಎಲ್ಲರಿಗಿಂತ ಜೋರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವಾಗ ಮಾತ್ರ ಎದ್ದು ಮುಂದೆ ಹೋಗುತ್ತಿರಲಿಲ್ಲ. ಅದು ಅಮ್ಮನಿಗೆ ಪ್ರತಿ ವಾರ ಚುಚ್ಚುತ್ತಿತ್ತು. "ಯೇಸುಸ್ವಾಮೀನ ಬಿಟ್ಬುಟ್ಟ ಇವನು" ಎಂದು ನನ್ನ ಹೆಂಡತಿಯ ಹತ್ತಿರ ಕಣ್ಣೀರು ಹಾಕುತ್ತಿದ್ದರು. ಒಮ್ಮೆ ಸರ್ ಕೇಳಿಸಿಕೊಂಡು, "ಬಿಟ್ಟಿಲ್ಲಮ್ಮ, ಜೊತೆಗೆ ಕರ್ಕೊಂಡು ಹೋಗಿದ್ದೀನಿ" ಎಂದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಅವರನ್ನ ಕರ್ಕೊಂಡೋಗೋಕೆ ನೀನ್ಯಾರೋ?" ಎಂದುಬಿಟ್ಟರು!

ಊಟವಾದ ಮೇಲೆ ವರಾಂಡದಲ್ಲಿ ಪಂದ್ಯ. ಅದಕ್ಕೊಂದು ಪುಸ್ತಕವಿತ್ತು. ಕಾಲೇಜಿನ ಹುಡುಗರು ಬರೆಯುತ್ತಾರಲ್ಲ, ಒಂದು ಕಡೆ ಗೆರೆ ಇರುವ, ಇನ್ನೊಂದು ಕಡೆ ಖಾಲಿ ಇರುವ ಲ್ಯಾಬ್ ರೆಕಾರ್ಡು, ಅದು. ಗೆರೆ ಇದ್ದ ಪುಟ ಅಮ್ಮನದು. ಸತ್ಯವೇದ ಏನನ್ನುತ್ತದೆಂದು ಅವರು ಹೇಳುವುದು, ಸರ್ ಬರೆಯುವುದು. ಗೆರೆ ಇಲ್ಲದ ಪುಟದಲ್ಲಿ ಅದೇ ವಿಷಯಕ್ಕೆ ಬಹಾಯಿ ನಂಬಿಕೆ. "ನೀವ್ಯಾಕ್ರಿ ಗೆರಿ ಇಲ್ಲದ್ದು ತಗೊಂಡ್ರಿ?" ಎಂದು ಕೇಳಿದ್ದೆ. "ಅಮ್ಮನ ಮಾತು ಒಂದಕ್ಷರ ಸೊಟ್ಟ ಆಗಬಾರದು. ನನ್ನದನ್ನ ನೇರ ಬರೆಯೋದು ನನ್ನ ತಲೆನೋವು" ಎಂದರು.

ಮೊದಲ ಪುಟದಲ್ಲಿ ದೇವರು ಒಬ್ಬನೇ ಎಂದು ಇಬ್ಬರೂ ಬರೆಸಿದ್ದರು. ಅಲ್ಲಿಗೆ ಶಾಂತಿ ಮುಗಿಯಿತು. ಎರಡನೆಯ ಪುಟದಿಂದ ಯುದ್ಧ!

"ಕನ್ಯೆ ಮರಿಯಳ ಒಟ್ಟೇಲಿ ಉಟ್ಟಿದ್ದು ನಿಮ್ಮೋರು ಒಪ್ತಾರಾ?" ಎಂದು ಅಮ್ಮ ಶುರುಮಾಡಿದರು.

"ಒಪ್ತೀವಮ್ಮ."

"ಶಿಲುಬೆ ಮೇಲೆ ಸತ್ತಿದ್ದು?"

"ಅದೂ ಒಪ್ತೀವಿ. ಲೋಕಕ್ಕೋಸ್ಕರ ಪ್ರಾಣ ಕೊಟ್ಟರು ಅಂತಲೇ ಒಪ್ತೀವಿ."

ಅಮ್ಮನ ಮುಖ ಅರಳಿತು. ನನಗೂ ಖುಷಿ, ರಾಜಿ ಆಗೇಬಿಟ್ಟಿತು ಅಂದುಕೊಂಡೆ. "ಮೂರನೇ ದಿನ ಎದ್ದಿದ್ದು?"

ಸರ್ ಪೆನ್ನು ಕೆಳಗಿಟ್ಟರು. "ಎದ್ದಿದ್ದು ನಿಜ. ಆದ್ರೆ ಈ ದೇಹ ಅಲ್ಲಮ್ಮ. ದಿಕ್ಕುಗೆಟ್ಟು ಕೂತಿದ್ದ ಶಿಷ್ಯರಲ್ಲಿ ಅವರ ನಂಬಿಕೆ ಮತ್ತೆ ಎದ್ದು ನಿಂತಿತು ಅಂತ ನಮ್ಮ ಅರ್ಥ."

"ಅಂಗಾದ್ರೆ ನಂಬದ ಶಿಷ್ಯ ತೋಮನಿಗೆ ಯೇಸುಸ್ವಾಮಿ ಗಾಯದಾಗೆ ಬೆರಳಿಟ್ಟು ನೋಡು ಅಂದಿದ್ದು ಏನನ್ನ? ಅರ್ಥಾನಾ?"

ಔಟ್! ನಾನು ಬೆರಳೆತ್ತಿಬಿಟ್ಟೆ. ಸರ್ ನಕ್ಕು ಬರೆದುಕೊಂಡರು, ತಮ್ಮ ಪುಟದಲ್ಲಿ "ಇದಕ್ಕೆ ಅಮ್ಮ ಒಪ್ಪುವ ಉತ್ತರ ನನ್ನಲ್ಲಿಲ್ಲ" ಎಂದು ಕೆಂಪು ಶಾಯಿಯಲ್ಲಿ ಸೇರಿಸಿದರು. ಸೋತದ್ದನ್ನು ಅಷ್ಟು ದುಂಡಗೆ ಬರೆಯುವ ಮನುಷ್ಯನನ್ನು ನಾನು ನೋಡಿಲ್ಲ. ನಾವೆಲ್ಲ ಸೋತದ್ದನ್ನು ಪೆನ್ಸಿಲಿನಲ್ಲಿ ಬರೆಯುವವರು.

ಇನ್ನೊಂದು ಭಾನುವಾರ ಯೇಸು ಮತ್ತೆ ಬರುವ ವಿಷಯ. ಬಹಾಯಿಗಳ ಪ್ರಕಾರ ಆ ಬರುವಿಕೆ ತಮ್ಮ ಸ್ಥಾಪಕರ ರೂಪದಲ್ಲಿ ಆಗಲೇ ಆಗಿಹೋಗಿದೆ. ಅಮ್ಮ ಕೆರಳಿದರು. "ಮೋಡದ ಮೇಲೆ ಬರ್ತಾರೆ, ಎಲ್ಲಾರ ಕಣ್ಣಿಗೂ ಕಾಣ್ತಾರೆ ಅಂತ ಐತೆ. ನಾನು ನೋಡಿಲ್ಲ."

"ಮೋಡ ಅಂದ್ರೆ ಮರೆಮಾಡೋದು ಅಂತಮ್ಮ. ಎದುರಿಗೆ ಬಂದ್ರೂ ಜನಕ್ಕೆ ಗುರುತು ಸಿಗಲ್ಲ ಅಂತ..." ಸರ್ ಮುಗಿಸಲಿಲ್ಲ. ಯಲಹಂಕದ ವಿಮಾನ ಪ್ರದರ್ಶನಕ್ಕೆ ತಾಲೀಮು ನಡೆಯುತ್ತಿದ್ದ ದಿನಗಳು. ಎರಡು ಜೆಟ್ ನಮ್ಮ ತಾರಸಿಗೆ ತಾಗಿತೋ ಎನ್ನುವಂತೆ ಹಾರಿಹೋದವು. ಕಿಟಕಿ ಗಾಜು ಗಡಗಡ. ಬೀದಿಯ ನಾಯಿಗಳು, ಮಕ್ಕಳು, ಇಸ್ತ್ರಿಯವನು, ಎಲ್ಲರೂ ಆಕಾಶ ನೋಡುತ್ತ ನಿಂತರು. ಅಮ್ಮ ಮೇಲೆ ಕೈತೋರಿಸಿ ಕಿರುಚಿದರು. "ನೋಡೋ! ಮೋಡದಾಗೆ ಬಂದ್ರೆ ಇಂಗೆ ಎಲ್ಲಾರ್ಗೂ ಗೊತ್ತಾಗ್ತದೆ!"

ನಾನು ನಕ್ಕು ನಕ್ಕು ಕುರ್ಚಿಯಿಂದ ಜಾರಿದೆ. ಸರ್‌ಗೂ ತಡೆಯಲಾಗಲಿಲ್ಲ.

ಹಾಗಂತ ಸರ್ ಬರೀ ಸೋಲುತ್ತಿದ್ದರು ಅಂದುಕೊಳ್ಳಬೇಡಿ. ಹೆಂಡದ ವಿಷಯದಲ್ಲಿ ಅವರದೇ ಗೆಲುವು. ಬಹಾಯಿಗಳಿಗೆ ಮದ್ಯ ನಿಷಿದ್ಧ. ಅಮ್ಮನ ಒಡಹುಟ್ಟಿದ ತಮ್ಮ ಕುಡಿದೇ ಸತ್ತವರು. ಅಮ್ಮ ರೆಕಾರ್ಡನ್ನು ಮಗನ ಕಡೆ ತಳ್ಳಿ, "ಇದೊಂದು ನಿಮ್ಮೋರದ್ದೇ ಚೆನ್ನಾಗೈತೆ, ಬರ್ಕೋ" ಎಂದರು. ಒಮ್ಮೆ ಸರ್, ಧರ್ಮಗಳೆಲ್ಲ ಒಂದೇ ಶಾಲೆಯ ಬೇರೆ ಬೇರೆ ತರಗತಿಗಳು, ಮೇಷ್ಟ್ರು ಬದಲಾಗುತ್ತಾರೆ, ಶಾಲೆ ಒಂದೇ ಎಂದು ತಮ್ಮ ನಂಬಿಕೆಯನ್ನು ಬಹಳ ಚಂದವಾಗಿ ವಿವರಿಸಿದರು. ನಾನು ತಲೆದೂಗುತ್ತಿದ್ದೆ. ಅಮ್ಮ ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆ, "ಯೇಸುಸ್ವಾಮಿ ಮೇಷ್ಟ್ರಲ್ಲ ಕಣೋ, ಸ್ಕೂಲೇ ಅವರ್ದು" ಎಂದರು. ಎರಡು ಧರ್ಮಗಳ ನಡುವಿನ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದ ಪುಸ್ತಕ ನನ್ನ ಲೈಬ್ರರಿಯಲ್ಲಿ ಒಂದೂ ಇಲ್ಲ!

ಇದು ತಾಯಿಮಗನ ಕಾಲಕ್ಷೇಪ ಎಂದೇ ನಾನು ಎರಡು ವರ್ಷ ತಿಳಿದಿದ್ದೆ. ಆಮೇಲೆ ಗೊತ್ತಾಯಿತು ಆ ರೆಕಾರ್ಡಿನ ಹಿಂದೆ ಏನಿದೆ ಅಂತ.

ಆರ್‌ಟಿ ನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಡಂ ಒಬ್ಬರಿದ್ದರು. ಅವರೂ ಬಹಾಯಿ. ಭಾನುವಾರ ಸಂಜೆ ಸರ್ ಮತ್ತು ಅವರು ಹೆಬ್ಬಾಳದ ಒಂದು ಮನೆಯಲ್ಲಿ ಸುತ್ತಲಿನ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ನಾನು ಸರ್ ಜೊತೆ ಒಂದು ಸಲ ಹೋಗಿದ್ದೆ. ಆಕೆ ಅವರ ಲೋಟಕ್ಕೆ ನೀರು ತುಂಬಿಸಿದ ರೀತಿ ನೋಡಿಯೇ ನನಗೆ ತಿಳಿದುಹೋಯಿತು. ಬಸ್ಸಿನಲ್ಲಿ ಹಿಡಿದುಕೊಂಡೆ. "ಸರ, ಖರೇ ಹೇಳ್ರಿ."

"ಹೌದು" ಎಂದರು, ಕಿವಿಯವರೆಗೆ ಕೆಂಪಾಗಿ. "ಮದುವೆ ಆಗೋಣ ಅಂತ ಮಾತಾಗಿ ಆರು ವರ್ಷ ಆಯ್ತು."

"ಆರು ವರ್ಷ! ಮತ್ತ ಯಾಕ ಆಗಿಲ್ಲ?"

"ಅಮ್ಮ ಒಪ್ಪಿಗೆ ಕೊಟ್ಟಿಲ್ಲ."

ನಾನು ನಕ್ಕೆ. ಐವತ್ತೊಂದು ವರ್ಷದ ಮನುಷ್ಯನಿಗೆ ಅಮ್ಮನ ಒಪ್ಪಿಗೆಯೇ! ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಬಹಾಯಿಗಳಲ್ಲಿ ಹುಡುಗ ಹುಡುಗಿಯನ್ನು ಯಾರೂ ಗೊತ್ತುಮಾಡುವಂತಿಲ್ಲ, ಅವರೇ ಆರಿಸಿಕೊಳ್ಳಬೇಕು. ಆರಿಸಿಕೊಂಡ ಮೇಲೆ ಎರಡೂ ಕಡೆಯ ತಂದೆತಾಯಿಯರಲ್ಲಿ ಬದುಕಿರುವವರೆಲ್ಲ ಮನಸಾರೆ ಒಪ್ಪಬೇಕು. ವಯಸ್ಸು ಎಷ್ಟಾದರೂ ಸರಿ, ತಂದೆತಾಯಿ ಯಾವ ಧರ್ಮದವರಾದರೂ ಸರಿ. ಒಬ್ಬರು ಒಪ್ಪದಿದ್ದರೂ ಮದುವೆ ಇಲ್ಲ. ಮೇಡಂ ತಾಯಿ ಕೇಳಿದ ದಿನವೇ ಬರೆದುಕೊಟ್ಟಿದ್ದರು. ಇತ್ತ ಅಮ್ಮ ಒಂದು ಅಕ್ಷರ ಬರೆಯುವುದಿಲ್ಲ ಎಂದು ಕೂತಿದ್ದರು. ಕರೆಯದ ಮನೆಗೆ ಹೋಗಬಾರದೆಂದು ಮೇಡಂ ಆ ಮನೆಯ ಗೇಟು ದಾಟಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವನೇ ಅಮ್ಮನ ಎದುರು ನಿಂತೆ. "ಅಮ್ಮಾರ, ಮಗನ ಬಾಳೇವು ಹಾಳ ಮಾಡಾಕ ಹತ್ತೀರಲ್ರಿ!"

ಅಮ್ಮ ಹುಬ್ಬು ಹಾರಿಸಿದರು. "ನಾನೇನು ಬ್ಯಾಡ ಅಂದಿದ್ದೀನಾ? ಆ ಉಡ್ಗಿ ಒಳ್ಳೇವಳು ಅಂತ ನಂಗೂ ಗೊತ್ತು. ಆಗ್ಲಿ ಮದುವೆ, ಯಾರ್ ತಡೀತಾರೆ? ಸೈನು ಮಾತ್ರ ಆಕಲ್ಲ. ಅಮ್ಮನ ಸೈನು ಬೇಕು ಅಂತ ಯೋಳಿರೋದು ಅವನ ಪುಸ್ತಕ. ಸೈನು ಆಕಿದ್ರೆ ಆ ಪುಸ್ತಕಕ್ಕೆ ನಾನು ತಲೆ ಬಗ್ಗಿಸ್ದಂಗೆ. ಅದು ಆಗಾಕಿಲ್ಲ."

ಅಯ್ಯೋ ದೇವರೇ! ಎಂಥ ಗಂಟು ನೋಡಿ. ಅಮ್ಮನಿಗೆ ಸೊಸೆ ಬೇಕು, ಕಾಗದ ಬೇಡ. ಮಗನಿಗೆ ಕಾಗದವಿಲ್ಲದೆ ಹೆಂಡತಿ ಇಲ್ಲ. ಸತ್ಯವೇದದಿಂದಲೇ ತೋರಿಸು, ನಿನ್ನ ಪುಸ್ತಕ ನಿಜ ಅಂತ ಒಪ್ಪಿಸು, ಆಮೇಲೆ ಸೈನು ಎಂದು ಅಮ್ಮ ಸವಾಲು ಹಾಕಿದ್ದರು. ಅದಕ್ಕೇ ಶುರುವಾಗಿತ್ತು ಆ ರೆಕಾರ್ಡು. ಅದರ ಒಂದೊಂದು ಪುಟವೂ ಸರ್ ಪಾಲಿಗೆ ಮದುವೆಯ ಕಡೆಗೆ ಒಂದು ಹೆಜ್ಜೆ. ಅಷ್ಟಿದ್ದೂ ಅಮ್ಮನ ಪುಟ ಗೆಲ್ಲುವಾಗ ಅವರು ಅಷ್ಟು ದುಂಡಗೆ ಬರೆದುಕೊಡುತ್ತಿದ್ದರಲ್ಲ! ನನಗೆ ಆ ದಿನ ಊಟ ಸೇರಲಿಲ್ಲ.

ಮುಂದಿನ ಭಾನುವಾರ ನಾನೇ ಸತ್ಯವೇದ ತೆರೆದು ಕೂತೆ. ಅಂಪೈರ್ ಆದವನು ಬ್ಯಾಟು ಹಿಡಿದದ್ದು ಅದೇ ಮೊದಲು. ಸೃಷ್ಟಿಯ ಕಥೆಯಲ್ಲೇ ಸಿಕ್ಕಿತು! ಗಂಡಸು ತಾಯಿತಂದೆಯನ್ನು ಬಿಟ್ಟು ಹೆಂಡತಿಯ ಜೊತೆ ಒಂದಾಗುತ್ತಾನೆ ಎನ್ನುವ ಮಾತು. ಎದ್ದು ಕುಣಿದೆ. "ಅಮ್ಮಾರ, ನಿಮ್ಮ ಪುಸ್ತಕದ ಪ್ರಕಾರ ನಿಮ್ಮನ್ನ ಯಾರೂ ಕೇಳಬೇಕಾಗಿಲ್ಲ! ಸರ್ ಪುಸ್ತಕ ಕೀಲಿಕೈ ನಿಮ್ಮ ಕೈಯಾಗ ಕೊಟ್ಟೈತಿ. ನಿಮಗ ಹೆಚ್ಚು ಮರ್ಯಾದಿ ಕೊಟ್ಟಿದ್ದು ಯಾವುದು ಹೇಳ್ರಿ?"

ಸರ್ ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡುತ್ತಿದ್ದರು. ಅಮ್ಮ ಕನ್ನಡಕ ತೆಗೆದರು. "ಅದು ನಂಗೊತ್ತಿಲ್ಲ ಅಂದ್ಕಂಡ್ಯಾ? ವರ್ಷಾ ವರ್ಷಾ ಓದ್ತೀನಿ. ನನ್ನ ದೇವ್ರು ನನ್ನ ಮಗನ್ನ ಓಗು ಅಂತ ಬಿಟ್ಟವ್ನೆ. ಇವನೇ ಓಗ್ತಿಲ್ಲ." ಎದ್ದು ಒಳಗೆ ಹೋದರು.

ಆಮೇಲೆ ಮೂರು ವರ್ಷ ಹಾಗೇ ಕಳೆಯಿತು. ಮೊದಲ ಮಾತಾಗಿ ಒಂಬತ್ತು ವರ್ಷ. ಅಷ್ಟರಲ್ಲಿ ಮೇಡಂ ಅಣ್ಣ ಹಾಸನದಿಂದ ಒತ್ತಾಯ ಮಾಡತೊಡಗಿದರು. ಕಾದದ್ದು ಸಾಕು, ಬರುವ ಬೇಸಿಗೆ ರಜಕ್ಕೆ ಬಂದವಳು ಇಲ್ಲೇ ಇದ್ದುಬಿಡು, ಇಲ್ಲೇ ಕೆಲಸ ನೋಡಿಕೊಡುತ್ತೇನೆ ಅಂತ. ಮೇಡಂ ಈ ಸಲ ಆಗಲಿ ಎಂದಿದ್ದರು. ಸರ್ ನನಗೆ ಇದನ್ನು ಹೇಳಿದ್ದು ಸ್ಪೆಕ್ಟ್ರೋಮೀಟರ್ ಒರೆಸುತ್ತ, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ. ಆದರೆ ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು.

ಆಗ ನಾನು ಒಂದು ಘನಕಾರ್ಯ ಮಾಡಿದೆ.

ಅಮ್ಮನಿಗೆ ಗಂಡನ ಪೆನ್ಷನ್ ಬರುತ್ತಿತ್ತು. ಪ್ರತಿ ನವೆಂಬರಿನಲ್ಲಿ, ಬದುಕಿದ್ದೇನೆಂದು ಬ್ಯಾಂಕಿಗೆ ಕಾಗದ ಕೊಡಬೇಕು. ಫಾರಂ ತುಂಬಿ ಸಹಿ ಹಾಕಿಸುವ ಕೆಲಸ ನನ್ನದೇ. ಆ ಸಲ ಫಾರಮ್ಮಿನ ಕೆಳಗೆ ಇನ್ನೊಂದು ಹಾಳೆ ಇಟ್ಟೆ. ನನ್ನ ಮಗನ ಮದುವೆಗೆ ನನ್ನ ಪೂರ್ಣ ಒಪ್ಪಿಗೆ ಇದೆ, ಎಂದು ನಾನೇ ಟೈಪ್ ಮಾಡಿಸಿದ್ದು. "ಇಲ್ಲೊಂದು, ಇಲ್ಲೊಂದು ಹಾಕ್ರಿ ಅಮ್ಮಾರ" ಎಂದೆ. ಅಮ್ಮ ನನ್ನ ಮೇಲೆ ನಂಬಿಕೆ ಇಟ್ಟು ಎರಡೂ ಕಡೆ ಹಾಕಿದರು. ನನಗೆ ಸಂತೋಷವೋ ಸಂತೋಷ! ಒಂಬತ್ತು ವರ್ಷದ ಗಂಟನ್ನು ಒಂದು ನಿಮಿಷದಲ್ಲಿ ಬಿಚ್ಚಿದ ಭೂಪ ನಾನು! ಮಾರನೆಯ ದಿನ ಲ್ಯಾಬಿಗೆ ಓಡಿದೆ.

ಸರ್ ಕಾಗದ ಓದಿದರು. ಅಮ್ಮನ ಸಹಿಯ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿ ಬಂತು. "ಅಮ್ಮ... ಕೊಟ್ಟರಾ? ಏನಂತ ಹೇಳಿ ಕೊಟ್ಟರು?"

ಆ ಮುಖ ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ. ಪೆನ್ಷನ್ ಫಾರಮ್ಮಿನ ಕಥೆ ಹೇಳಿಬಿಟ್ಟೆ. "ಯಾರಿಗೆ ಗೊತ್ತಾಗತೈತ್ರಿ ಸರ? ಸಹಿಯಂತೂ ಅವರದ ಐತಿ."

ಅವರು ಕಾಗದವನ್ನು ಎರಡು ಮಾಡಿದರು, ಮತ್ತೆ ನಾಲ್ಕು ಮಾಡಿದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಮಾತ್ರ ಏರಲಿಲ್ಲ. "ಇದು ಪ್ರಯೋಗ ಮಾಡದೆ ಬರೆದ ರೀಡಿಂಗ್ ಕಣ್ರೀ. ಇದನ್ನಿಟ್ಕೊಂಡು ನಾನು ಅವಳ ಕೈ ಹೇಗೆ ಹಿಡೀಲಿ?" ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಹೇಳಿದರು. "ಅಮ್ಮನ ಹತ್ರ ನೀವೇ ಹೋಗಿ ಹೇಳಿ. ನಾನು ಹೇಳಿದ್ರೆ ನಿಮ್ಮ ಬೆನ್ನ ಹಿಂದೆ ಮಾತಾಡಿದ ಹಾಗಾಗುತ್ತೆ."

ಆ ಸಂಜೆ ಮನೆಗೆ ಬಂದೆ. ಅಮ್ಮನ ಮುಂದೆ ಕೈಕಟ್ಟಿ ನಿಂತು ಎಲ್ಲ ಒಪ್ಪಿಕೊಂಡೆ. ಮನೆ ಖಾಲಿ ಮಾಡು ಅನ್ನುತ್ತಾರೆ ಎಂದೇ ಹೋಗಿದ್ದೆ. ಅಮ್ಮ ಮೊದಲು ಬೈದರು. ಚೆನ್ನಾಗಿಯೇ ಬೈದರು, ಗದಗಿನವರೆಗೆ ಕೇಳಿಸಿರಬೇಕು. ಆಮೇಲೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರು.

"ಅರ್ದಾಕಿದ್ನಾ?"

"ನಾಕ ತುಂಡ ಮಾಡಿದ್ರಿ."

"ನನ್ನ ಸೈನು ಇದ್ದಿದ್ದನ್ನ?"

"ಹೌದ್ರಿ."

"ಅದನ್ನ ಕೊಟ್ಟಿದ್ರೆ ಮದುವೆ ಆಗೋಗ್ತಿತ್ತಾ?"

"ಆಗತಿತ್ರಿ. ಯಾರಿಗೂ ಗೊತ್ತಾಗ್ತಿರಲಿಲ್ಲ. ನಿಮಗೂ."

"ದೇವ್ರಿಗೆ ಗೊತ್ತಾಗ್ತಿತ್ತು" ಎಂದರು ಅಮ್ಮ. ಅವನ ದೇವ್ರು ಅನ್ನಲಿಲ್ಲ, ನನ್ನ ದೇವ್ರು ಅನ್ನಲಿಲ್ಲ. ನಾನು ಗಮನಿಸಿದೆ.

ಆ ಭಾನುವಾರ ಚರ್ಚಿನಿಂದ ಬಂದು ಊಟವಾದ ಮೇಲೆ ಸರ್ ಎಂದಿನಂತೆ ರೆಕಾರ್ಡು ತಂದರು. ಅಮ್ಮ ಕೈಯಲ್ಲೇ ಸರಿಸಿದರು. "ಅದು ಬ್ಯಾಡ. ನನ್ನ ಸತ್ಯವೇದ ತಕ್ಕಂಬಾ, ಪೆನ್ನೂ ತಕ್ಕಂಬಾ."

ಹಳೆಯ ಕ್ರೈಸ್ತರ ಮನೆಗಳ ಸತ್ಯವೇದದಲ್ಲಿ ಒಂದು ಹಾಳೆ ಇರುತ್ತದಂತೆ. ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಬರೆದಿಡುವ ಹಾಳೆ. ನನಗೆ ಅವತ್ತೇ ಗೊತ್ತಾದದ್ದು. ಅಮ್ಮನ ಮಾವನ ಕಾಲದಿಂದ ಬರೆದಿದ್ದರು, ಮಸಿ ಕಂದಿತ್ತು. ಕೊನೆಯ ಸಾಲು ಅಮ್ಮನ ಗಂಡ ತೀರಿಕೊಂಡದ್ದು. ಅದರ ಕೆಳಗೆ ಅಮ್ಮ ಬರೆಯತೊಡಗಿದರು. ಒಂದೊಂದು ಅಕ್ಷರಕ್ಕೂ ಹೊತ್ತು ಹಿಡಿಯಿತು. ಸರ್ ಪಕ್ಕದಲ್ಲೇ ನಿಂತಿದ್ದರು. ನಾನು ತಡೆಯಲಾರದೆ ಕತ್ತು ಚಾಚಿ ಓದಿದೆ. ಸರ್ ಹೆಸರು, ಮೇಡಂ ಹೆಸರು, ಇವರಿಬ್ಬರ ಮದುವೆ. ಮುಂದೆ, ನನಗೆ ಸಂತೋಷ, ಯಾರ ಬಲವಂತವೂ ಇಲ್ಲ. ಕೆಳಗೆ ಸಹಿ. ತಾರೀಕಿನ ಜಾಗ ಖಾಲಿ.

"ನಿನ್ನ ಪುಸ್ತಕಕ್ಕೆ ಸೈನು ಆಕಿಲ್ಲ" ಎಂದರು ಅಮ್ಮ, ಪೆನ್ನು ಮುಚ್ಚುತ್ತ. "ನನ್ನ ಪುಸ್ತಕದಾಗೆ ಬರ್ದಿದ್ದೀನಿ. ನಿಮ್ಮೋರಿಗೆ ಬೇಕಾದ್ರೆ ಬಂದು ಓದ್ಕಳ್ಳಿ."

ನಾನು ಕೂಗಿದ ಕೂಗಿಗೆ ಮಹಡಿಯಿಂದ ನನ್ನ ಹೆಂಡತಿ ಓಡಿಬಂದಳು! ಸರ್ ಮಾತ್ರ ಮಂಡಿಯೂರಿ ಅಮ್ಮನ ಮುಖವನ್ನೇ ನೋಡುತ್ತ, "ಅಮ್ಮ, ಇದು ನಿಜವಾಗ್ಲೂ ನಿನ್ನ ಇಷ್ಟಾನಾ?" ಎಂದು ಕೇಳಿದರು.

"ಇನ್ನೊಂದ್ಸಲ ಕೇಳಿದ್ರೆ ಕಪಾಳಕ್ಕೆ ಬಿಡ್ತೀನಿ ನೋಡು."

ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುತ್ತೇನೆ ಎಂದೆ. ಅಮ್ಮ ಬಿಡಲಿಲ್ಲ, ಬಂದೇ ಓದಬೇಕು ಎಂದರು. ಬಹಾಯಿಗಳಲ್ಲಿ ಇಂಥದ್ದನ್ನೆಲ್ಲ ನೋಡಿಕೊಳ್ಳಲು ಊರಿನವರೇ ಆರಿಸಿದ ಒಂದು ಮಂಡಳಿ ಇರುತ್ತದೆ. ಮುಂದಿನ ಭಾನುವಾರ ಅದರ ಪರವಾಗಿ ಇಬ್ಬರು ಹಿರಿಯರು ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಒಬ್ಬರಾದ ಮೇಲೆ ಒಬ್ಬರು ಸತ್ಯವೇದವನ್ನು ಎರಡೂ ಕೈಯಲ್ಲಿ ಹಿಡಿದು ಆ ಸಾಲುಗಳನ್ನು ಓದಿದರು. ಅಮ್ಮ ಗೋಡೆಗೆ ಒರಗಿ, ಚರ್ಚಿಗೆ ಉಡುವ ಬಿಳಿ ಸೀರೆಯಲ್ಲೇ ಕೂತಿದ್ದರು.

"ಸಾಕಾ?" ಎಂದರು.

"ಧಾರಾಳ ಸಾಕಮ್ಮ" ಎಂದರು ಹಿರಿಯರು.

"ನಿಮಗೆ ಸಾಕು. ನಂಗೆ ಸಾಲದು. ನನ್ನ ಸೊಸೆ ಎಲ್ಲಿ?"

ಮೇಡಂ ಆ ಹಿರಿಯರ ಜೊತೆಯಲ್ಲೇ ಬಂದಿದ್ದರು. ಒಂಬತ್ತು ವರ್ಷದ ಅಭ್ಯಾಸ ನೋಡಿ, ಗೇಟಿನ ಹೊರಗೆ ತಮ್ಮ ಸ್ಕೂಟರಿನ ಪಕ್ಕ ನಿಂತೇ ಇದ್ದರು, ಬಿಸಿಲಿನಲ್ಲಿ, ಕೈಯಲ್ಲಿ ಹೆಲ್ಮೆಟ್ ಹಿಡಿದುಕೊಂಡು. ಚಪ್ಪಲಿ ಕೂಡ ಮೆಟ್ಟದೆ ನಾನೇ ಓಡಿದೆ.